ತಡವಾಗಿ ಬಂದ ಹುಡುಗನನ್ನು ಕ್ಲಾಸಿನ ಹೊರಗೆ ನಿಲ್ಲಿಸಬಹುದೇ?

ಪ್ರಶ್ನೆ: "ನಮ್ಮ ಮಗ ಊರಾಗ ಏಳನೇ ಕ್ಲಾಸ್ ಮುಗಿಸಿ ಈ ವರ್ಷ ಎಂಟಕ್ಕ ಬ್ಯಾರೆ ಊರಿನ ಹೈಸ್ಕೂಲಿಗೆ ಹೋಗ್ತಾನ್ರಿ. ಮೊದಲನೇ ದಿನಾನೇ ಒಂದು ಹಾಳಿ ಕೊಟ್ಟು ಸಹಿ ಮಾಡಿಸ್ಕೊಂಡ್ರು. ಪ್ರಾರ್ಥನೆಗೆ ತಡ ಆದ್ರ ಒಂದು ಪಿರಿಯಡ್ ಹೊರಗ, ಹೋಂವರ್ಕ್ ಇಲ್ಲಂದ್ರ ದಂಡ, ಶಿಸ್ತು ತಪ್ಪಿದ್ರ ಇಂಟರ್ನಲ್ ಮಾರ್ಕ್ಸ್ ಕಟ್, ಮುಕ್ಕಾಲು ಪಾಲು ಹಾಜರಿ ಇಲ್ಲಂದ್ರ ಪರೀಕ್ಷೆಗೆ ಕೂಡ್ಸೂದಿಲ್ಲ ಅಂತ ಬರದೈತಿ. ಇದರಾಗ ಯಾವುದು ಖರೇನ ನಿಯಮ, ಯಾವುದು ಸುಮ್ನ ಹೆದರ್ಸೂದು?" – ಲಿಂಗಸುಗೂರು ತಾಲ್ಲೂಕಿನ ಒಬ್ಬ ತಾಯಿ

ಉತ್ತರ: ಯವ್ವಾ, ಆ ಹಾಳೆಯಲ್ಲಿ ಮೂರು ಬೇರೆ ಬೇರೆ ಕಡೆಯಿಂದ ಬಂದ ಮಾತುಗಳು ಒಟ್ಟಿಗೇ ಅಚ್ಚಾಗಿವೆ. ಹಾಜರಿಯದು ಪರೀಕ್ಷಾ ಮಂಡಳಿಯ ಷರತ್ತು, ಅದನ್ನು ಹೆಡ್‌ಮಾಸ್ತರು ಸಡಿಲಿಸಲಾರರು. ಪ್ರಾರ್ಥನೆಯ ಹೊತ್ತು, ಹೋಂವರ್ಕು ಶಾಲೆ ತಾನೇ ಮಾಡಿಕೊಂಡ ಕಟ್ಟುಪಾಡು, ಕೂತು ಮಾತಾಡಿದರೆ ಬದಲಾಗುತ್ತದೆ. ಉಳಿದದ್ದು ಶಿಕ್ಷೆಯ ಮಾತು. ಅದಕ್ಕೆ ಮೇಲೆ ಕಾನೂನು ಇದೆ. ಶಾಲೆ ಏನೇ ಅಚ್ಚು ಹಾಕಿಸಿದರೂ, ನೀವು ಸಹಿ ಮಾಡಿದರೂ ಆ ಕಾನೂನಿನ ಮುಂದೆ ನಡೆಯುವುದಿಲ್ಲ.

ಮೊದಲು ಕಾನೂನು. ಮಕ್ಕಳ ಶಿಕ್ಷಣದ ಹಕ್ಕು ಕಾಯ್ದೆ 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಮೀರಿದ ಶಿಕ್ಷಕರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ. ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತೆಯೂ ಇಲ್ಲ. ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಹೈಸ್ಕೂಲು ಶುರುವಾಗುವುದೇ ಎಂಟರಿಂದ, ಈ ಕಾಯ್ದೆಯ ಲೆಕ್ಕದ ಪ್ರಾಥಮಿಕ ಶಿಕ್ಷಣ ಮುಗಿಯುವುದೂ ಎಂಟಕ್ಕೇ. ಒಂದೇ ವರಾಂಡದಲ್ಲಿ ಎಂಟನೆಯ ಕೋಣೆ ಈ ಕಾಯ್ದೆಯ ಒಳಗೆ, ಪಕ್ಕದ ಒಂಬತ್ತನೆಯದು ಹೊರಗೆ. ಹಾಗಂತ ಒಂಬತ್ತು, ಹತ್ತರ ಮಕ್ಕಳಿಗೆ ಬೆತ್ತ ಬೀಸಬಹುದು ಎಂದಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು 18 ವರ್ಷದೊಳಗಿನ ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಹೊಣೆ ಹೊತ್ತವರೇ ಅದರ ಮೇಲೆ ಕ್ರೌರ್ಯ ನಡೆಸಿದರೆ ಅದು ಅಪರಾಧ.

ಹೊಡೆತ ಎಂದರೆ ಬೆತ್ತ ಮಾತ್ರವಲ್ಲ. ಬೆಂಚಿನ ಮೇಲೆ ನಿಲ್ಲಿಸುವುದು, ಮೊಣಕಾಲೂರಿಸುವುದು, ಕುರ್ಚಿಯ ಹಾಗೆ ಗೋಡೆಗೆ ಒರಗಿಸುವುದು, ತಲೆಯ ಮೇಲೆ ಚೀಲ ಹೊರಿಸುವುದು, ಇವೆಲ್ಲ ದೈಹಿಕ ಶಿಕ್ಷೆ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳುತ್ತದೆ. ಜಾತಿ ಹಿಡಿದು, ಅಪ್ಪನ ಕಸುಬು ಹಿಡಿದು ಹೀಯಾಳಿಸುವುದು ಮಾನಸಿಕ ಹಿಂಸೆ. "ಕುರಿ ಕಾಯಾಕ ಹೋಗು" ಎಂಬ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ನೋಡಿ. ಆ ಕ್ಲಾಸಿನಲ್ಲಿ ಕುರಿ ಕಾಯುವವರ ಮಗಳು ಕೂತಿರುತ್ತಾಳೆ.

ಇದರಲ್ಲಿ ಪಾಲಕರ ಪಾಲೂ ಇದೆ. ದಾಖಲಾತಿಯ ದಿನ ಎಷ್ಟೋ ಅಪ್ಪಂದಿರು "ಕಣ್ಣೊಂದು ಬಿಟ್ಟು ಎಲ್ಲೆ ಬೇಕಾದ್ರೂ ಹೊಡೀರಿ ಸರ್" ಅಂತ ಹೇಳಿ ಹೋಗುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ ಅನ್ನಿ. ಆದರೆ ಕಾನೂನು ನಿಷೇಧಿಸಿದ್ದಕ್ಕೆ ಅಪ್ಪ ಅನುಮತಿ ಕೊಡಲು ಬರುವುದಿಲ್ಲ, ಆ ಮಾತು ನಂಬಿ ಕೈ ಎತ್ತಿದ ಮಾಸ್ತರ ನಾಳೆ ಒಬ್ಬರೇ ನಿಲ್ಲಬೇಕಾಗುತ್ತದೆ.

ಇನ್ನು ತಡದ ಮಾತು. ಒಂದು ಪಿರಿಯಡ್ ಹೊರಗೆ ನಿಲ್ಲಿಸುವುದು ನನಗಂತೂ ಅರ್ಥವಾಗದ ಶಿಕ್ಷೆ. ಹುಡುಗ ಹತ್ತು ನಿಮಿಷ ಕಳೆದುಕೊಂಡು ಬಂದಿದ್ದಾನೆ, ನಾವು ಇನ್ನೂ ಮೂವತ್ತೈದು ನಿಮಿಷ ಸೇರಿಸಿ ಕಳೆಯುತ್ತೇವೆ. ಮೊದಲ ಪಿರಿಯಡ್ ಹೆಚ್ಚಾಗಿ ಗಣಿತ ಇಲ್ಲವೆ ಇಂಗ್ಲಿಷ್. ಯಾರಿಗೆ ಆ ಪಾಠ ಎಲ್ಲರಿಗಿಂತ ಹೆಚ್ಚು ಬೇಕೋ ಅವನೇ ಕಿಟಕಿಯ ಆಚೆ ನಿಂತಿರುತ್ತಾನೆ. ರಾಯಚೂರು, ಬಳ್ಳಾರಿಯಲ್ಲಿ ಮಾರ್ಚ್ ಬಂದರೆ ವರಾಂಡದ ಕಲ್ಲು ಬೆಳಗ್ಗೆಯೇ ಕಾಯತೊಡಗುತ್ತದೆ, ಅದು ಬೇರೆ.

ತಡ ಯಾಕಾಯಿತು ಎಂದು ಕೇಳಿದರೆ ಅರ್ಧ ಸಮಸ್ಯೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತದೆ. ಹಳ್ಳಿಗೆ ಬೆಳಗ್ಗೆ ಒಂದೇ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟಿನ ಚಿಂತೆ ಇಲ್ಲ, ಹುಡುಗರ ಕಿಸೆಯಲ್ಲಿ ಪಾಸು ಇದೆ. ಆದರೆ ಮೊದಲೇ ತುಂಬಿದ ಬಸ್ಸು ನಿಲ್ಲದೆ ಹೋದರೆ ಇಬ್ಬರೂ ರಸ್ತೆಯಲ್ಲೇ. ಬಸ್ಸಿನ ತಡಕ್ಕೆ ಮಗುವಿಗೆ ಶಿಕ್ಷೆ ಕೊಟ್ಟರೆ ಬಸ್ಸು ಬೇಗ ಬರುವುದಿಲ್ಲ. ನನಗೆ ಸರಿ ಕಾಣುವ ಪದ್ಧತಿ ಇಷ್ಟೇ: ತಡವಾಗಿ ಬಂದವರು ಸದ್ದಿಲ್ಲದೆ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂಡಬೇಕು, ಪಿರಿಯಡ್ ಮುಗಿದ ಮೇಲೆ ಒಂದು ವಹಿಯಲ್ಲಿ ಹೆಸರು, ಊರು, ಕಾರಣ ಬರೆಯಬೇಕು. ತಿಂಗಳ ಕೊನೆಗೆ ಆ ವಹಿ ನೋಡಿದರೆ ಒಂದೇ ಊರಿನ ಐದಾರು ಹೆಸರು ಮೇಲಿಂದ ಮೇಲೆ ಬಂದಿರುತ್ತವೆ. ಅದನ್ನೇ ಹಿಡಿದುಕೊಂಡು ಹೆಡ್‌ಮಾಸ್ತರು ಡಿಪೊ ಮ್ಯಾನೇಜರಿಗೆ ಪತ್ರ ಬರೆಯಬಹುದು. ಊರಲ್ಲೇ ಮನೆ ಇದ್ದೂ ದಿನಾ ತಡ ಮಾಡುವವನ ಹೆಸರೂ ಅದರಲ್ಲೇ ಸಿಗುತ್ತದೆ. ಅವನ ಮನೆಗೆ ಒಂದು ಫೋನು ಸಾಕು.

ಇಂಟರ್ನಲ್ ಮಾರ್ಕ್ಸಿನ ಬೆದರಿಕೆ ನನಗೆ ಬೆತ್ತಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ, ಅದು ಹೊರಗೆ ಬಾಸುಂಡೆ ಎಬ್ಬಿಸುವುದಿಲ್ಲ ನೋಡಿ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20, ಅಂದರೆ 125 ಅಂಕ ಆಂತರಿಕ ಮೌಲ್ಯಮಾಪನದ್ದು. ಕಿರು ಪರೀಕ್ಷೆ, ಚಟುವಟಿಕೆ, ಪ್ರಾಜೆಕ್ಟುಗಳಿಂದ ಮಗು ಏನು ಕಲಿತಿದೆ ಎಂದು ಅಳೆಯುವುದಕ್ಕೆ ಅದು ಇರುವುದು. ಕೂದಲು ಉದ್ದ ಬಿಟ್ಟದ್ದಕ್ಕೆ, ಶೂ ಹಾಕದ್ದಕ್ಕೆ, ಎದುರು ಮಾತಾಡಿದ್ದಕ್ಕೆ ವಿಜ್ಞಾನದ ಅಂಕ ಕಡಿದರೆ ಅದು ಸುಳ್ಳು ಅಂಕವೇ. ನಿಮ್ಮ ಮಗ ಎಂಟರಲ್ಲಿದ್ದಾನೆ, ಈಗಿನಿಂದಲೇ ಕಿರು ಪರೀಕ್ಷೆಯ ಉತ್ತರ ಪತ್ರಿಕೆ ತೋರಿಸಿ ಎಂದು ಕೇಳುವ ರೂಢಿ ಇಟ್ಟುಕೊಳ್ಳಿ.

ದಂಡದ ಹಣ ಕೊಡಬೇಡಿ. ಸರ್ಕಾರಿ ಶಾಲೆಯ ಎಂಟನೇ ತರಗತಿ ಎಂದರೆ ಉಚಿತ ಶಿಕ್ಷಣ, ಹೋಂವರ್ಕಿನ ಹೆಸರಲ್ಲಿ ರೊಕ್ಕ ಎತ್ತುವುದಕ್ಕೆ ಅಲ್ಲಿ ಜಾಗವಿಲ್ಲ. ಕೂಲಿಗೆ ಹೋಗುವ ತಾಯಿ ಹತ್ತು ರೂಪಾಯಿ ಕೊಡಲಾರದೆ ಮಗಳನ್ನು ಆ ದಿನ ಮನೆಯಲ್ಲೇ ಇರಿಸಿಕೊಂಡರೆ ಹೋಂವರ್ಕೂ ಹೋಯಿತು, ಹಾಜರಿಯೂ ಹೋಯಿತು.

ಈ ಹಾಜರಿ ಮಾತ್ರ ಖರೇನ ನಿಯಮ. ಹತ್ತನೇ ತರಗತಿಯಲ್ಲಿ ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡುವುದು ಕಷ್ಟವಾಗುತ್ತದೆ. ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ ಹೇಳುತ್ತದೆ. ಅದನ್ನೇ ಅಳತೆಗೆ ಹಿಡಿದರೆ 165 ದಿನ ಬರಲೇಬೇಕು, ತಪ್ಪಿಸಲು ಬರುವುದು 55 ದಿನ. ದೊಡ್ಡದಾಗಿ ಕಾಣುತ್ತದೆ. ಆದರೆ ದಸರಾ ರಜೆ ಮುಗಿಯುತ್ತಲೇ ನಮ್ಮ ಕಡೆ ಹತ್ತಿ ಬಿಡಿಸುವುದು ಶುರು, ಅದರ ಬೆನ್ನಿಗೆ ಮೆಣಸಿನಕಾಯಿ. ಎರಡು ತಿಂಗಳು ಮಗು ಹೊಲಕ್ಕೆ ಹೋದರೆ ಭಾನುವಾರ ಬಿಟ್ಟು ಐವತ್ತು ದಿನ ಅಲ್ಲೇ ಕರಗಿತು. ಮೇಲೆ ಮೊಹರಂನ ಅಲಾಯಿ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಒಂದು ಸಲ ಜ್ವರ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆ ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಈ ಲೆಕ್ಕ ಇನ್ನೂ ಬೇಗ ಮುಗಿಯುತ್ತದೆ.

ನೆನಪಿರಲಿ, 14 ವರ್ಷದೊಳಗಿನ ಮಗುವನ್ನು ಕೂಲಿಗೆ ಕಳಿಸುವುದು ಕಾನೂನಿಗೆ ವಿರುದ್ಧ. ಮನೆಯ ಹೊಲದಲ್ಲಿ ಕೈಜೋಡಿಸಬಹುದು, ಅದೂ ಶಾಲೆ ಬಿಟ್ಟ ಮೇಲೆ ಇಲ್ಲವೆ ರಜೆಯಲ್ಲಿ. ಶಾಲೆಗೂ ಒಂದು ಮಾತು: ಹಾಜರಿ ಕಡಿಮೆಯಾಯಿತು ಎಂದು ಫೆಬ್ರುವರಿಯಲ್ಲಿ ಪಾಲಕರನ್ನು ಕರೆಸಿ ಬೈದರೆ ಏನೂ ಬಂದಂತಾಗಲಿಲ್ಲ. ಹಾಜರಿ, ಕಲಿಕೆಯ ಬಗ್ಗೆ ಪಾಲಕರ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯ ಎಂದು ಅದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ಆ ಸಭೆ ಹತ್ತಿ ಒಡೆಯುವ ಮೊದಲೇ ಆಗಬೇಕು. ಹೆಣ್ಣುಮಗಳು ಒಮ್ಮೆಲೇ ಬರುವುದು ನಿಲ್ಲಿಸಿದರಂತೂ ಮರುದಿನವೇ ಮನೆಗೆ ಹೋಗಿ ಕೇಳಬೇಕು, ಯಾಕೆಂದರೆ ಕೆಲವು ಸಲ ಅಲ್ಲಿ ಅವಳ ಮದುವೆಗೆ ಹಂದರ ಹಾಕುತ್ತಿರುತ್ತಾರೆ.

ನೀವು ಕೇಳದ ಎರಡು ನಿಯಮಗಳ ಬಗ್ಗೆಯೂ ಹೇಳಿಬಿಡುತ್ತೇನೆ. "ಪಾಠದ ನಡುವೆ ನೀರಿಗೆ, ಒಂದಕ್ಕೆ ಬಿಡುವುದಿಲ್ಲ" ಎಂಬುದು ಹಲವು ಶಾಲೆಗಳಲ್ಲಿ ಬಾಯಿಮಾತಿನಲ್ಲಿದೆ. 40 ಡಿಗ್ರಿ ದಾಟುವ ಈ ಜಿಲ್ಲೆಗಳಲ್ಲಿ ಇದು ಶಿಸ್ತಲ್ಲ. ಹುಡುಗಿಯರು ಇದಕ್ಕೆ ಹೆದರಿ ಬೆಳಗ್ಗೆಯಿಂದ ನೀರೇ ಕುಡಿಯದೆ ಕೂಡುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಹೋಗಿ ಬರಲಿ, ಕೈ ಎತ್ತಿ ಕೇಳಲಿ, ಮುಗಿಯಿತು. ಎರಡನೆಯದು ಕೆಲವು ಖಾಸಗಿ ಶಾಲೆಗಳ "ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ". ಸಿಂಧನೂರು, ಗಂಗಾವತಿ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ತೆಲುಗು ಮಕ್ಕಳು, ತಾಂಡಾದ ಲಂಬಾಣಿ ಮಕ್ಕಳು, ರಾಯಚೂರಿನ ಉರ್ದು ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವ ನಾಡು ಇದು. ಮಗು ಅರ್ಥವಾಗದ ಲೆಕ್ಕವನ್ನು ಗೆಳತಿಯ ಹತ್ತಿರ ತನ್ನ ಮಾತಿನಲ್ಲಿ ಕೇಳಿದರೆ ಅದು ಕಲಿಕೆ.

ಮೊಬೈಲು ತರಬಾರದೆಂಬ ನಿಯಮ ಸರಿಯೇ, ಅದರಲ್ಲಿ ಶಾಲೆಯ ಜೊತೆ ನಿಲ್ಲಿ. ಕಿತ್ತುಕೊಂಡ ಫೋನನ್ನು ಒಡೆಯದೆ, ಪಾಲಕರ ಕೈಗೆ ವಾಪಸು ಕೊಟ್ಟರಾಯಿತು. ಶೌಚಾಲಯ ತೊಳೆಸುವುದನ್ನು ಶಿಕ್ಷಣ ಇಲಾಖೆಯೇ ನಿಷೇಧಿಸಿದೆ, ಅದಕ್ಕೆ ಮಾತುಕತೆಯೇ ಬೇಡ.

ಈಗ ನೀವು ಮಾಡಬೇಕಾದ್ದು. ಆ ಹಾಳೆಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ತಡದ ನಿಯಮ, ದಂಡ, ಅಂಕದ ಮಾತು, ಈ ಮೂರರ ಬಗ್ಗೆ ಹೆಡ್‌ಮಾಸ್ತರ ಹತ್ತಿರ ಸಮಾಧಾನದಿಂದ ಮಾತಾಡಿ. ನಿಮ್ಮ ಊರಿನ ಬಸ್ಸಿನ ವೇಳೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಬಗೆಹರಿಯದಿದ್ದರೆ ಎಸ್‌ಡಿಎಂಸಿ, ಅಂದರೆ ಪಾಲಕರಿರುವ ಶಾಲಾಭಿವೃದ್ಧಿ ಸಮಿತಿಯ ಸಭೆ, ಅದಾದ ಮೇಲೆ ಲಿಖಿತವಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಹೊಡೆತದ ವಿಷಯವಾದರೆ ಈ ಮೆಟ್ಟಿಲು ಹತ್ತುತ್ತ ಕೂಡಬೇಡಿ, ನೇರ 1098ಕ್ಕೆ ಫೋನು ಮಾಡಿ, ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. "ಕೇಳಿದ್ರ ನಮ್ಮ ಹುಡುಗನ ಮ್ಯಾಲೆ ಸಿಟ್ಟು ತೀರಿಸ್ಕೊಂತಾರ" ಎಂಬ ಅಳುಕು ನಿಮಗೂ ಇದ್ದೀತು. ಅದಕ್ಕೇ ಒಬ್ಬರೇ ಹೋಗಬೇಡಿ. ಅದೇ ಬಸ್ಸಿಗೆ ಬರುವ ಮಕ್ಕಳ ಮನೆಯ ಇಬ್ಬರು ಮೂವರನ್ನು ಕರೆದುಕೊಂಡು ಹೋಗಿ.