ಮುಹೂರ್ತಕ್ಕೆ ಮೊದಲು ನೋಟಿಸ್: ವಿದೇಶಿ ಸಂಗಾತಿಯೊಂದಿಗೆ ಮದುವೆ

ಹುಡುಗ ಧಾರವಾಡದವನು, ಕೆಲಸ ಪುಣೆಯ ಹಿಂಜವಡಿಯಲ್ಲಿ. ಹುಡುಗಿ ಫ್ರಾನ್ಸಿನವಳು. ಇಂಥ ಜೋಡಿಗಳ ಮನೆಯವರು ಮೊದಲು ಛತ್ರ ಗೊತ್ತುಮಾಡುತ್ತಾರೆ, ಆಮೇಲೆ ವಕೀಲರ ಬಳಿ ಬರುತ್ತಾರೆ. ಆಗಬೇಕಾದದ್ದು ಇದರ ಉಲ್ಟಾ. ಕಾನೂನು ಇಂಥ ಮದುವೆಗೆ ಅಡ್ಡ ಬರುವುದಿಲ್ಲ. ತೊಡಕಾಗುವುದು ದಿನಗಳ ಲೆಕ್ಕದಲ್ಲಿ.

ಹಿಂದೂ ವಿವಾಹ ಕಾಯ್ದೆಯಡಿ ವಧು-ವರ ಇಬ್ಬರೂ ಹಿಂದೂಗಳಾಗಿರಬೇಕು. ಒಬ್ಬರು ಕ್ರೈಸ್ತರಾಗಿದ್ದರೆ ಆ ಕಾಯ್ದೆಯಡಿ ಮದುವೆಯೇ ಅಸಿಂಧು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ನೋಂದಣಿಗಷ್ಟೇ ಎಂದು ಆತುರದಲ್ಲಿ ಮತಾಂತರದ ಪತ್ರ ಮಾಡಿಸುವುದು ಬೇಡ, ಮುಂದೆ ವೀಸಾ ಅಧಿಕಾರಿಯೂ ಕೋರ್ಟೂ ಅದನ್ನು ಕೆದಕುತ್ತಾರೆ. ನೇರವಾದ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ವರನಿಗೆ 21, ವಧುವಿಗೆ 18 ತುಂಬಿರಬೇಕು, ಇಬ್ಬರಿಗೂ ಜೀವಂತ ಸಂಗಾತಿ ಇರಬಾರದು. ಪೌರತ್ವದ ಷರತ್ತಿಲ್ಲ.

ಮದುವೆಯಾಗುತ್ತೇವೆಂದು ವಿವಾಹಾಧಿಕಾರಿಗೆ ಮೊದಲೇ ನೋಟಿಸ್ ಕೊಡಬೇಕು. ನೋಟಿಸ್ ಕೊಡುವ ಜಿಲ್ಲೆಯಲ್ಲಿ ಇಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ವಾಸವಿರಬೇಕು. ಮುಂಬೈ ನಗರ ಮತ್ತು ಮುಂಬೈ ಉಪನಗರ ಬೇರೆ ಬೇರೆ ಜಿಲ್ಲೆಗಳು, ಅಂಧೇರಿಯಲ್ಲಿ ಇರುವವರು ಫೋರ್ಟ್‌ಗೆ ಹೋಗಿ ಉಪಯೋಗವಿಲ್ಲ. ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಆಧಾರ್‌ನಲ್ಲಿ ಸಾಮಾನ್ಯವಾಗಿ ಊರಿನ ವಿಳಾಸವೇ ಉಳಿದಿರುತ್ತದೆ. ಆಗ ಕೈಹಿಡಿಯುವುದು ನೋಂದಾಯಿಸಿದ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿನ ಬಾಡಿಗೆ ಒಪ್ಪಂದ), ಬರೀ ನೋಟರಿ ಮಾಡಿಸಿದ ಬಾಡಿಗೆ ಪತ್ರ ಸಾಲದು. ಇನ್ನೊಂದು ಮಾತು: ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಪ್ರತಿ ಅಲ್ಲಿನ ಕಚೇರಿಗೂ ಹೋಗಿ ಫಲಕಕ್ಕೆ ಅಂಟುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲ ಎನ್ನುವವರು ಇದನ್ನು ಮೊದಲೇ ತಿಳಿದಿರಲಿ.

ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ಆಕ್ಷೇಪಣೆ ವಯಸ್ಸು, ಹಿಂದಿನ ಮದುವೆ, ನಿಷಿದ್ಧ ಸಂಬಂಧದಂಥ ಕಾಯ್ದೆಯ ಷರತ್ತುಗಳ ಮೇಲಷ್ಟೇ ನಿಲ್ಲುತ್ತದೆ. ‘ನಮಗೆ ಇಷ್ಟವಿಲ್ಲ’ ಎನ್ನುವುದು ಆಕ್ಷೇಪಣೆಯಲ್ಲ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ನೋಟಿಸ್ ಸತ್ತಂತೆ, ಮತ್ತೆ ಮೊದಲಿಂದ ಶುರು. ಜನವರಿ 5ಕ್ಕೆ ನೋಟಿಸ್ ಕೊಟ್ಟು ಅದು ಅಂದೇ ಪ್ರಕಟವಾದರೆ ಫೆಬ್ರವರಿ ಮೊದಲ ವಾರದಿಂದ ಏಪ್ರಿಲ್ ಮೊದಲ ವಾರದವರೆಗೆ ಅವಕಾಶ. ಮುಹೂರ್ತ ಇದರೊಳಗೆ ಹುಡುಕಿಸಿ. 30 ದಿನದ ಇ-ಟೂರಿಸ್ಟ್ ವೀಸಾದಲ್ಲಿ ಬಂದು ನೋಟಿಸ್ ಕೊಟ್ಟವರು ಮದುವೆಯ ದಿನಕ್ಕೆ ಮೊದಲೇ ದೇಶ ಬಿಡಬೇಕಾಗುತ್ತದೆ. ಹೆಚ್ಚು ಅವಧಿಯ ವೀಸಾ ತೆಗೆದುಕೊಳ್ಳಲಿ. ವಿದೇಶಿ ಅತಿಥಿಯನ್ನು ಮನೆಯಲ್ಲಿ ಉಳಿಸಿಕೊಂಡರೆ ಫಾರ್ಮ್ ಸಿ ಎಂದೇ ಎಲ್ಲರೂ ಕರೆಯುವ, ಅವರ ವಾಸ್ತವ್ಯದ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್ ತುಂಬುವುದು ಮನೆಯವರ ಹೊಣೆ. ಅದರ ಪ್ರಿಂಟ್ ಜೋಪಾನ ಮಾಡಿ, ವಾಸದ ಪುರಾವೆಯಾಗಿ ಕೆಲಸಕ್ಕೆ ಬರುತ್ತದೆ.

ಹೆಚ್ಚು ಕಾಡುವ ಕಾಗದ ‘ಮದುವೆಗೆ ಅಡ್ಡಿಯಿಲ್ಲ’ ಎಂಬ ಪ್ರಮಾಣಪತ್ರ. ಒಂದೊಂದು ದೇಶದ್ದು ಒಂದೊಂದು ರೀತಿ. ಅಮೆರಿಕ ಸರ್ಕಾರ ಇಂಥದ್ದನ್ನು ಕೊಡುವುದೇ ಇಲ್ಲ. ಅಲ್ಲಿನ ಪ್ರಜೆ ಕಾನ್ಸುಲೇಟ್‌ನಲ್ಲಿ ಅಫಿಡವಿಟ್‌ಗೆ ಪ್ರಮಾಣ ಮಾಡಿ ಸಹಿ ಹಾಕುತ್ತಾರೆ. ಫ್ರಾನ್ಸಿನವರು ಕಾನ್ಸುಲೇಟ್ ಮೂಲಕ ಮದುವೆಯ ಪ್ರಕಟಣೆ ಮಾಡಿಸಿದ ಮೇಲೆ ಪತ್ರ ಸಿಗುತ್ತದೆ. ಜರ್ಮನಿಯ ಪತ್ರಕ್ಕೆ ಆರು ತಿಂಗಳ ಆಯುಸ್ಸು, ಬೇಗ ತರಿಸಿದರೂ ಕಷ್ಟ, ತಡವಾದರೂ ಕಷ್ಟ. ವಿದೇಶಿ ಕಾಗದಗಳಿಗೆ ಅಪೊಸ್ಟೀಲ್ ಮುದ್ರೆ (ಒಪ್ಪಂದದ ದೇಶಗಳು ಪರಸ್ಪರರ ಕಾಗದ ಒಪ್ಪಲು ಬೇಕಾದ ಸರ್ಕಾರಿ ದೃಢೀಕರಣ) ಅವರ ದೇಶದಲ್ಲೇ ಬೀಳಬೇಕು, ಮುಂಬೈಯಲ್ಲಿ ಆಗದು. ಭಾರತ ಅಪೊಸ್ಟೀಲ್ ಒಪ್ಪಂದದಲ್ಲಿ 2005ರಿಂದ ಇದೆ, ಕೆನಡಾ ಸೇರಿದ್ದು 2024ರ ಜನವರಿಯಲ್ಲಿ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿತ್ತು, ಹಾಗಾಗಿ ಅಲ್ಲಿಯ ವಿಧಾನವನ್ನು ಅವರ ಕಾನ್ಸುಲೇಟ್‌ನಲ್ಲೇ ಕೇಳಿಕೊಳ್ಳಿ. ಇಂಗ್ಲಿಷಿನಲ್ಲಿಲ್ಲದ ಕಾಗದಕ್ಕೆ ದೃಢೀಕೃತ ಅನುವಾದ ಜೊತೆಗಿರಬೇಕು.

ವಿಚ್ಛೇದನ ಪಡೆದವರು ಅಂತಿಮ ಆದೇಶವನ್ನೇ ತರಬೇಕು. ಇಂಗ್ಲೆಂಡಿನಿಂದ ‘ಡಿಕ್ರಿ ನೈಸೈ’ ಹಿಡಿದು ಬರುವವರಿದ್ದಾರೆ. ಅದು ನಡುವಿನ ಹಂತ ಮಾತ್ರ. ಬೇಕಾದದ್ದು ‘ಡಿಕ್ರಿ ಆಬ್ಸಲ್ಯೂಟ್’, 2022ರ ಏಪ್ರಿಲ್ ನಂತರದ ಪ್ರಕರಣಗಳಲ್ಲಾದರೆ ‘ಫೈನಲ್ ಆರ್ಡರ್’.

ಇನ್ನು ಹೆಸರು. ಮಹಾರಾಷ್ಟ್ರದ ಅರ್ಜಿಗಳು ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಖಾನೆ ಕೇಳುತ್ತವೆ. ನಮ್ಮವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಊರಿನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ. ಟೈಪಿಸ್ಟ್ ತನಗೆ ತೋಚಿದಂತೆ ತುಂಬಿಬಿಡುತ್ತಾನೆ. ಮದುವೆಯ ಪ್ರಮಾಣಪತ್ರ ವಿದೇಶಕ್ಕೆ ಹೋಗುವಂಥದ್ದು, ಆದ್ದರಿಂದ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ, ಅಕ್ಷರ ಅಕ್ಷರಕ್ಕೆ ಹೊಂದಬೇಕು. ಮೂವರು ಸಾಕ್ಷಿಗಳೊಂದಿಗೆ ಸಹಿ ಹಾಕುವ ಮುನ್ನ ಕರಡನ್ನು ಓದಿ. ಆಮೇಲಿನ ತಿದ್ದುಪಡಿಗೆ ಅಲೆದಾಟ ತಪ್ಪಿದ್ದಲ್ಲ.

ಧಾರೆ ಯಾವಾಗ? ನೋಂದಣಿಯ ದಿನವೇ ಅಥವಾ ನಂತರ ಇಟ್ಟುಕೊಂಡರೆ ಕ್ಷೇಮ. ಮೊದಲೇ ಧಾರೆ ಎರೆದು, ಆಮೇಲೆ ನೋಟಿಸಿನಲ್ಲಿ ‘ಅವಿವಾಹಿತ’ ಎಂದು ಬರೆದರೆ ಅದು ಸುಳ್ಳು ಘೋಷಣೆಯಂತೆ ಕಾಣುತ್ತದೆ, ಇನ್‌ಸ್ಟಾಗ್ರಾಂ ಫೋಟೋಗಳನ್ನು ವೀಸಾ ಅಧಿಕಾರಿಗಳೂ ನೋಡುತ್ತಾರೆ. ಆಗಲೇ ಶಾಸ್ತ್ರೋಕ್ತವಾಗಿ ಆಗಿದ್ದರೆ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ನೋಂದಣಿಗೆ ಅರ್ಜಿ ಹಾಕಿ. ಆದರೆ ಅಲ್ಲಿ ಇಬ್ಬರಿಗೂ 21 ತುಂಬಿರಬೇಕು, 30 ದಿನದ ಕಾಯುವಿಕೆಯೂ ತಪ್ಪದು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ರಾಜ್ಯ ಸರ್ಕಾರದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್. ಯುಎಇಯಂಥ ಒಪ್ಪಂದದ ಹೊರಗಿನ ದೇಶಕ್ಕಾದರೆ ಅವರ ದೂತಾವಾಸದ ಮುದ್ರೆ. ಇಲ್ಲೇ ನೆಲೆಸುವ ವಿದೇಶಿ ಸಂಗಾತಿ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ಮೂಲಕ ಭಾರತೀಯರ ಸಂಗಾತಿಗೆ ಸಿಗುವ ಎಕ್ಸ್-2 ವೀಸಾಗೆ ಬದಲಾಯಿಸಿಕೊಳ್ಳಬಹುದು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್‌ಗೆ ನೋಂದಾಯಿತ ಮದುವೆ ಸತತ ಎರಡು ವರ್ಷ ಮುಂದುವರಿದಿರಬೇಕು.

ಆಸ್ತಿಯ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕಾದದ್ದು ಅದೇ. ಅವಿಭಕ್ತ ಹಿಂದೂ ಕುಟುಂಬದವರು ಹಿಂದೂ, ಬೌದ್ಧ, ಸಿಖ್, ಜೈನರಲ್ಲದವರನ್ನು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ 19ನೇ ಕಲಮಿನಂತೆ ಕುಟುಂಬದಿಂದ ಬೇರ್ಪಟ್ಟಂತೆ. ಪಾಲಿನ ಹಕ್ಕು ಅಳಿಯುವುದಿಲ್ಲ, ಆದರೆ ಜಂಟಿ ಹಿಡುವಳಿ ಅಲ್ಲಿಗೆ ಮುಗಿಯಿತು. ಅವರ ಮರಣಾನಂತರ ಆಸ್ತಿ ಹಂಚಿಕೆಯಾಗುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯಂತಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಊರಲ್ಲಿ ಅಣ್ಣತಮ್ಮಂದಿರ ಜೊತೆ ಜಮೀನು ಇರುವವರು ಮದುವೆಗೆ ಮುಂಚೆಯೇ ಪಾಲುಪತ್ರದ ಬಗ್ಗೆ ಮನೆಯಲ್ಲಿ ಕೂತು ಮಾತಾಡಿ. ಮದುವೆಯಾದ ಮೇಲೆ ಹೊಸದಾಗಿ ಉಯಿಲು ಬರೆಸಿ, ಏಕೆಂದರೆ 1925ರ ಕಾಯ್ದೆ ಅನ್ವಯಿಸುವವರ ಹಳೆಯ ಉಯಿಲು ಮದುವೆಯೊಂದಿಗೇ ರದ್ದಾಗುತ್ತದೆ.