ಎರಡನೇ ಅಂಕ ಓದಬಾರದ ನಾಟಕ

ಮೊದಲ ಅಂಕದಲ್ಲಿ ಅಪಾಯವಿಲ್ಲ. ಎರಡನೆಯದನ್ನು ಓದಿದವರ ಬುದ್ಧಿ ಕೆಡುತ್ತದೆ. ಇಂಥದೊಂದು ನಾಟಕವನ್ನು ಕಲ್ಪಿಸಿಕೊಂಡು, ಅದನ್ನು ಬರೆಯದೆಯೇ ಅದರ ಭಯವನ್ನಷ್ಟೇ ಬರೆದವರು ಅಮೆರಿಕದ ರಾಬರ್ಟ್ ಡಬ್ಲ್ಯೂ. ಚೇಂಬರ್ಸ್. ಪ್ಯಾರಿಸ್ಸಿನಲ್ಲಿ ಚಿತ್ರಕಲೆ ಕಲಿತು ಬಂದ ಅವರ ‘ದಿ ಕಿಂಗ್ ಇನ್ ಯೆಲ್ಲೋ’ ಸಂಕಲನ 1895ರಲ್ಲಿ ಹೊರಬಂತು. ಅದರ ಹತ್ತು ಕಥೆಗಳಲ್ಲಿ ಮೊದಲ ನಾಲ್ಕನ್ನು ಪೋಣಿಸಿರುವುದು ಅದೇ ಹೆಸರಿನ ಆ ನಾಟಕ.

ಮೊದಲ ಕಥೆಯ ನಿರೂಪಕ ಹಿಲ್ಡ್ರೆಡ್, ಕುದುರೆಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವನು. ಚೇತರಿಸಿಕೊಳ್ಳುತ್ತಿರುವಾಗ ನಾಟಕದ ಮೊದಲ ಅಂಕ ಮುಗಿಸಿ ಪುಸ್ತಕವನ್ನು ಬೆಂಕಿಗೆಸೆಯುತ್ತಾನೆ. ಅದು ಒಲೆಯ ಸರಳಿಗೆ ಬಡಿದು ಹೊರಗೆ ಬೀಳುತ್ತದೆ, ಎರಡನೇ ಅಂಕದ ಪುಟ ತೆರೆದುಕೊಂಡಿರುತ್ತದೆ. ಮೊದಲ ಸಾಲು ಕಣ್ಣಿಗೆ ಬಿದ್ದದ್ದೇ ತಡ, ಅದನ್ನು ಬಾಚಿಕೊಳ್ಳುತ್ತಾನೆ. ಮುಂದೆ ತಾನೇ ಸಾಮ್ರಾಜ್ಯದ ವಾರಸುದಾರನೆಂದು ನಂಬಿದ ಅವನ ಮಾತಿನಲ್ಲಿ ಯಾವುದು ನಿಜ, ಯಾವುದು ಭ್ರಮೆ ಎಂದು ನಾವು ಕೊನೆಯವರೆಗೂ ತಡಕಾಡಬೇಕು. ಭೀತಿಯ ಕಥೆಗಳಲ್ಲಿ ಇಷ್ಟು ಜಾಣತನದ ಹೆಣಿಗೆ ಅಪರೂಪ. ಸಂಕಲನದ ಕೊನೆಯ ಪ್ಯಾರಿಸ್ ಕಥೆಗಳು ಈ ಮಟ್ಟ ಮುಟ್ಟುವುದಿಲ್ಲ.

ಚೇಂಬರ್ಸ್ ಕೆಲವು ಹೆಸರುಗಳನ್ನು ಎರವಲು ತಂದಿದ್ದರು. ಕಾರ್ಕೋಸಾ ಎಂಬ ಹಾಳು ನಗರ 1886ರಲ್ಲಿ ಆಂಬ್ರೋಸ್ ಬಿಯರ್ಸ್ ಬರೆದ ಕಥೆಯದು. ಅಲ್ಲಿ ಅಲೆಯುವವನಿಗೆ ಕಡೆಗೆ ಕಾಣುವುದು ತನ್ನದೇ ಸಮಾಧಿ. ಹಸ್ತೂರ್ ಬಿಯರ್ಸ್‌ನಲ್ಲಿ ಕುರುಬರ ದೇವರು. ಚೇಂಬರ್ಸ್ ಅವರನ್ನು ಓದಿದ ಅಮೆರಿಕದ ಭೀತಿ ಕಥೆಗಾರ ಲವ್‌ಕ್ರಾಫ್ಟ್ 1931ರ ಕಥೆಯೊಂದರಲ್ಲಿ ಆ ಹೆಸರುಗಳನ್ನು ತಮ್ಮ ಲೋಕಕ್ಕೆ ಸೇರಿಸಿಕೊಂಡರು. 2014ರಲ್ಲಿ ‘ಟ್ರೂ ಡಿಟೆಕ್ಟಿವ್’ ಧಾರಾವಾಹಿ ಕಾರ್ಕೋಸಾವನ್ನು ಮತ್ತೆ ಉಚ್ಚರಿಸಿದಾಗ ಹೊಸ ಓದುಗರು ಹಳೆಯ ಸಂಕಲನಕ್ಕೆ ಮುಗಿಬಿದ್ದರು.

ಕಾಣದ ಪುಸ್ತಕದ ಪ್ರಭಾವ ಮೈಸೂರು ಸೀಮೆಗೆ ಹೊಸದೇನಲ್ಲ. ಗುಣಾಢ್ಯ ಪೈಶಾಚಿ ಎಂಬ ಪ್ರಾಕೃತ ಭಾಷೆಯಲ್ಲಿ ಬರೆದನೆನ್ನುವ ‘ಬೃಹತ್ಕಥೆ’ ಇಂದು ಲಭ್ಯವಿಲ್ಲ. ಅದನ್ನು ಗಂಗರ ದೊರೆ ದುರ್ವಿನೀತ ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಆ ಗಂಗರ ರಾಜಧಾನಿ ನಮ್ಮ ತಲಕಾಡು. ದುರ್ವಿನೀತನ ಆ ಕೃತಿಯೂ ಉಳಿದಿಲ್ಲ. ತನ್ನ ಕಾಲದ ಸಾತವಾಹನ ರಾಜ ಆ ಕೃತಿಯನ್ನು ಮನ್ನಿಸಲಿಲ್ಲವೆಂದು ಗುಣಾಢ್ಯ ಕಾಡಿನಲ್ಲಿ ಒಂದೊಂದೇ ಓಲೆ ಓದಿ ಬೆಂಕಿಗೆ ಹಾಕುತ್ತಿದ್ದರೆ, ಮೃಗಗಳು ಮೇವು ಮರೆತು ಕಣ್ಣೀರಿಡುತ್ತ ಕೇಳಿದವಂತೆ. ಈ ಐತಿಹ್ಯ ಉಳಿದಿರುವುದು 11ನೇ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ. ನಾವು ಬಾಲ್ಯದಿಂದ ಕೇಳಿದ ಬೇತಾಳನ ಕಥೆಗಳು ಇರುವುದೂ ಅಲ್ಲಿಯೇ. ಗುಣಾಢ್ಯನ ಗ್ರಂಥ ಕಳೆದುಹೋಯಿತು, ಚೇಂಬರ್ಸ್ ಅವರ ನಾಟಕ ಇರಲೇ ಇಲ್ಲ. ಆದರೆ ಎರಡೂ ಬೇರೆಯವರ ಕಥೆಗಳಲ್ಲಿ ಬದುಕಿವೆ. ಮರದ ಮೇಲಿನ ಶವಕ್ಕೆ ಬೆಚ್ಚಿದ ಓದುಗರಿಗೆ ಹಿಲ್ಡ್ರೆಡ್ ಪರಕೀಯನಾಗಲಾರ.

ಚೇಂಬರ್ಸ್ ತೀರಿಕೊಂಡದ್ದು 1933ರಲ್ಲಿ. ಲೇಖಕರ ಮರಣಾನಂತರದ 60 ವರ್ಷಗಳ ಹಕ್ಕುಸ್ವಾಮ್ಯ ನಮ್ಮಲ್ಲಿ ಎಂದೋ ಮುಗಿದಿದೆ, ಅನುವಾದಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ಊರಿನ ಯುವ ಅನುವಾದಕರು ಇದನ್ನು ಕೈಗೆತ್ತಿಕೊಳ್ಳಲೆಂಬುದು ನನ್ನ ಆಸೆ. ಮೊದಲ ನಾಲ್ಕು ಕಥೆಗಳನ್ನು ಮೂಲದ ಕ್ರಮದಲ್ಲೇ, ಒಟ್ಟಿಗೇ ತರಬೇಕು. ಬಿಡಿಬಿಡಿಯಾಗಿ ತಂದರೆ ಆ ನಾಟಕ ಕಥೆಯಿಂದ ಕಥೆಗೆ ನುಸುಳುವುದು ಓದುಗರಿಗೆ ತಿಳಿಯುವುದೇ ಇಲ್ಲ.