ಚೆಸ್ಟರ್ ಬೀಟಿ, ನಮ್ಮೂರ ಪುಸ್ತಕ, ಮತ್ತ ನನ್ನ ಹಿಜ್ರಿ ಲೆಕ್ಕದ ಫಜೀತಿ

ಲೈಬ್ರರಿ ಸೈನ್ಸ್ ಓದಾಕತ್ತೋರಿಗೆ ಇದು. ನಾಳೆ ಅಂದ್ರ ನನಗ ಮರತು ಹೋಗ್ತೈತಿ, ಅದಕ್ಕ ಈಗ ಬರಿಯಾಕತ್ತೀನಿ.

ಹಳೇ ಕೈಬರಹದ ಪುಸ್ತಕ ಕೂಡಿಸಿಟ್ಟ ಆಲ್ಫ್ರೆಡ್ ಚೆಸ್ಟರ್ ಬೀಟಿ ಹುಟ್ಟಿದ್ದು 1875ರಾಗ ನ್ಯೂಯಾರ್ಕ್‌ನಾಗ. ಮೈನಿಂಗ್ ಇಂಜಿನಿಯರ್, ಕೊಲರಾಡೋ ಗಣಿ ಧೂಳು ಕುಡಿದು ಎದಿ ಕೆಡಿಸ್ಕೊಂಡ, ಆದ್ರ ರೊಕ್ಕ ಭಾಳ ಮಾಡಿದ. 1911ರಾಗ ಹೆಂಡ್ತಿ ತೀರಿಕೊಂಡ್ಲು, ಆಮ್ಯಾಲ ಲಂಡನ್ ಸೇರಿದ, 1914ಕ್ಕ ಸೆಲೆಕ್ಷನ್ ಟ್ರಸ್ಟ್ ಅಂತ ಗಣಿ ಕಂಪನಿ ಕಟ್ಟಿದ, 1933ಕ್ಕ ಬ್ರಿಟಿಷ್ ಪ್ರಜೆ, 1950ಕ್ಕ ಅದೂ ಸಾಕಂತ ಡಬ್ಲಿನ್. ಕ್ಯಾನ್ಸರ್ ಸಂಶೋಧನೆಗೂ ದೇಣಗಿ ಕೊಟ್ಟಾನ. 1957ರಾಗ ಐರ್ಲೆಂಡಿನ ಮೊದಲ ಗೌರವ ನಾಗರಿಕ ಆದ, 1968ರಾಗ ತೀರಿಕೊಂಡಾಗ ಸರ್ಕಾರಿ ಗೌರವದಿಂದ ಮಣ್ಣು ಮಾಡಿದ್ರು, ತನ್ನ ಪುಸ್ತಕ ಸಂಗ್ರಹ ಅಲ್ಲಿ ಜನರಿಗೇ ಬಿಟ್ಟ. ಈಗ ಆ ಸಂಗ್ರಹದ ಚೆಸ್ಟರ್ ಬೀಟಿ ಲೈಬ್ರರಿ ಡಬ್ಲಿನ್ ಕೋಟಿಯೊಳಗ ಐತಿ.

ಈಗ ನಾ ಬಿದ್ದ ಜಾಗ. ಅವನ ಸಂಗ್ರಹದಾಗ ನಮ್ಮ ವಿಜಯಪುರದಾಗ ಬರದ ಒಂದು ಪುಸ್ತಕ ಐತ್ರಿ, ನುಜೂಮ್ ಅಲ್-ಉಲೂಮ್, ಪರ್ಶಿಯನ್‌ದಾಗ, ಗ್ರಹ-ನಕ್ಷತ್ರ, ಆನಿ, ಕುದರಿ, ಆಯುಧ ಎಲ್ಲಾದ್ರ ಬಗ್ಗೆ, ಚಿತ್ರ ಸಮೇತ. ಇಸವಿ ಹಿಜ್ರಿ 978 (ಹಿಜ್ರಿ ಅಂದ್ರ ಇಸ್ಲಾಮಿ ಕ್ಯಾಲೆಂಡರ್, ನಮ್ಮ ಲೆಕ್ಕದಾಗ 622ಕ್ಕ ಸುರು ಆಗಿದ್ದು). ನಾ ಏನ್ ಮಾಡ್ದೆ, 622 ಕೂಡಿಸಿ 1600 ಅಂತ ಬರದು, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲ ಅಂತ ಅವನ ಗೋರಿ ಇಬ್ರಾಹಿಂ ರೋಜಾದ ಬಗ್ಗೆನೂ ಅರ್ಧ ಪುಟ ಹಚ್ಚಿದ್ದೆ. ಸರ್ ಅದರ ಮ್ಯಾಲ ಕೆಂಪು ಪೆನ್ನಿಲೆ ಉದ್ದಕ ಒಂದು ಗೀಟು ಎಳದ್ರು.

ತಪ್ಪು ಎಲ್ಲಿ ಅಂದ್ರ, ಹಿಜ್ರಿ ವರ್ಷ ಚಂದ್ರನ ಲೆಕ್ಕ, 354 ದಿನ, ನಮ್ಮ ಕ್ಯಾಲೆಂಡರ್‌ಕಿಂತ ಸುಮಾರು 11 ದಿನ ಕಮ್ಮಿ (ರಂಜಾನ್ ಒಮ್ಮೆ ಬ್ಯಾಸಿಗ್ಯಾಗ, ಮತ್ತೊಮ್ಮೆ ಮಳಿಗಾಲದಾಗ ಬರೋದು ಇದಕ್ಕ ನೋಡ್ರಿ). ಆ 11 ದಿನ ಕೂಡ್ತಾ ಕೂಡ್ತಾ 33 ಹಿಜ್ರಿ ವರ್ಷ ಅಂದ್ರ ನಮ್ಮವು 32 ಅಷ್ಟ ಆಗ್ತಾವ. ಅಂದ್ರ ಪ್ರತಿ 33ಕ್ಕ ಒಂದು ಕಳೀಬೇಕು, ಆಮ್ಯಾಲ 622 ಕೂಡಿಸಬೇಕು. ಮೊದಲು ಕಳಿಯೋದು, ಆಮ್ಯಾಲ ಕೂಡಿಸೋದು, ಉಲ್ಟಾ ಮಾಡಿ 1600ನ್ನ 33ಲೆ ಭಾಗಿಸಬ್ಯಾಡ್ರಿ, ಅದನ್ನೂ ಮಾಡಿ ನೋಡೀನಿ. 978ನ್ನ 33ಲೆ ಭಾಗಿಸಿದ್ರ ಹೆಚ್ಚುಕಮ್ಮಿ 30. 978ರಾಗ 30 ಹೋದ್ರ 948. 622 ಕೂಡಿಸಿದ್ರ 1570. ಆಗ ಗಾದಿ ಮ್ಯಾಲ ಇದ್ದಾವ ಒಂದನೇ ಅಲಿ ಆದಿಲ್‌ಶಾಹ. ನನ್ನ ಅರ್ಧ ಪುಟ ಇಬ್ರಾಹಿಂ ರೋಜಾ ದಂಡ!

ಇನ್ನೊಂದು ಮಾಡಿ ನೋಡ್ರಿ: ಅದೇ ಲೈಬ್ರರ್‍ಯಾಗ ಬಾಗ್ದಾದಿನ ಲಿಪಿಕಾರ ಇಬ್ನ್ ಅಲ್-ಬವ್ವಾಬ್ ಕೈಲೆ ಬರದ ಕುರಾನ್ ಪ್ರತಿ ಐತಿ, ಹಿಜ್ರಿ 391. ನನಗ 1001 ಬಂತು, ಪುಸ್ತಕದಾಗ 1000-01 ಅಂತ ಇರ್ತೈತಿ. ಗಾಬರಿ ಆಗಬ್ಯಾಡ್ರಿ, ಆ ಹಿಜ್ರಿ ವರ್ಷ 1000ನೇ ಇಸವಿ ಡಿಸೆಂಬರ್‌ದಾಗ ಸುರು ಆಗಿತ್ತು.